ಹೆಣೆಯುವುದು, ಹೆಣಗುವುದು

ಬಟ್ಟೆ ನೇಯುತ್ತೇವೆ, ಬುಟ್ಟಿ ಹೆಣೆಯುತ್ತೇವೆ. ಹಗ್ಗ ಹೊಸೆಯುತ್ತೇವೆ, ದೀಪದ ಬತ್ತಿಯನ್ನೂ ಹೊಸೆಯುತ್ತೇವೆ. ಅಂಗಿ ಹೊಲಿಯುತ್ತೇವೆ, ಮಣಿ ಪೋಣಿಸುತ್ತೇವೆ, ಹೂ ಕಟ್ಟುತ್ತೇವೆ. ಎಳೆ, ನಾರು, ನೂಲುಗಳ ಕೆಲಸಕ್ಕೆ ಕನ್ನಡ ಇಟ್ಟುಕೊಂಡಿರುವ ಈ ಕ್ರಿಯಾಪದಗಳಲ್ಲಿ ಒಂದನ್ನು ಇನ್ನೊಂದರ ಜಾಗದಲ್ಲಿ ಕೂರಿಸಿದರೆ ಕಿವಿ ಒಪ್ಪುವುದಿಲ್ಲ. 'ಬತ್ತಿ ಹೆಣೆದಳು' ಎಂದು ಯಾರೂ ಹೇಳುವುದಿಲ್ಲ, 'ಬುಟ್ಟಿ ಹೊಲಿದರು' ಎಂದೂ ಹೇಳುವುದಿಲ್ಲ. ಒಂದೊಂದು ಮಾತೂ ಕೈಯ ಒಂದೊಂದು ಚಲನೆಯನ್ನು ಹಿಡಿದಿಟ್ಟಿದೆ. ನೇಯುವುದಕ್ಕೆ ಮಗ್ಗ ಬೇಕು, ಹಾಸು ಹೊಕ್ಕು ಬೇಕು. ಹೊಲಿಯುವುದಕ್ಕೆ ಬಟ್ಟೆ ಮೊದಲೇ ಸಿದ್ಧವಿರಬೇಕು, ಸೂಜಿ ಅದನ್ನು ಚುಚ್ಚಿ ಹಾಯಬೇಕು. ಹೊಸೆಯುವುದಕ್ಕೆ ಅಂಗೈ ಸಾಕು, ಇಲ್ಲವೇ ತೊಡೆ. ಹೆಣೆಯುವುದರಲ್ಲಿ ಎಳೆಗಳೇ ಒಂದನ್ನೊಂದು ಹಿಡಿದುಕೊಳ್ಳಬೇಕು.

ಸ್ವೆಟರ್ ಹಾಕುವ ಕೆಲಸ ನಮ್ಮ ಕಡೆಗೆ ಬಂದಾಗ ಕನ್ನಡಿಗರು ಅದಕ್ಕೆ ಈ ಕೊನೆಯ ಮಾತನ್ನೇ ಕೊಟ್ಟರು: ಹೆಣಿಗೆ. ಯಾವ ಸಮಿತಿಯೂ ಕೂತು ಟಂಕಿಸಿದ ಪದವಲ್ಲ ಇದು, ಆದರೂ ಎಷ್ಟು ಸರಿಯಾದ ಆಯ್ಕೆ ಎಂಬುದು ಅದರ ಬಾಳನ್ನು ಹಿಂದಕ್ಕೆ ಅರಸುತ್ತ ಹೋದ ಹಾಗೆ ತಿಳಿಯುತ್ತದೆ. ಇವತ್ತು ಹೆಣಿಗೆ ಕಲಿಯಹೊರಟವರ ಮುಂದೆ ನಿಟ್, ಪರ್ಲ್, ಸ್ಲಿಪ್, ಸಿಂಗಲ್, ಡಬಲ್, ಟ್ರೆಬಲ್ ಎಂಬ ಹೆಸರುಗಳ ರಾಶಿ ಬಂದು ಬೀಳುತ್ತದೆ. ಕೈ ತಪ್ಪುವುದಕ್ಕಿಂತ ಮೊದಲೇ ಹೆಸರು ತಪ್ಪುತ್ತದೆ. ಈ ತೊಡಕನ್ನು ಬಿಡಿಸಲು ನಮ್ಮದೇ ಹಳೆಯ ಮಾತೊಂದು ಒದಗಿ ಬರುತ್ತದೆ ಎಂಬುದು ನನ್ನ ನಂಬಿಕೆ.

ಆ ಮಾತಿನ ಜಾಡು ಹಿಡಿಯುವುದಕ್ಕೆ ಕಂಪ್ಲಿ ತಾಲ್ಲೂಕಿನ ಎಮ್ಮಿಗನೂರಿನ ಸುತ್ತಲ ಸೀಮೆ ತಕ್ಕದ್ದು. ತುಂಗಭದ್ರೆಯ ನೀರು, ಭತ್ತದ ಗದ್ದೆ, ಒಂದು ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಸಂಡೂರಿನ ಗುಡ್ಡಗಳ ಕಡೆ ಹೋದರೆ ತಾಂಡಾಗಳಲ್ಲಿ ಲಂಬಾಣಿ ಮಾತು. ಎಮ್ಮಿಗನೂರು ಎಂಬ ಹೆಸರಿನ ಇನ್ನೊಂದು ಊರು ಆಂಧ್ರದ ಕರ್ನೂಲು ಜಿಲ್ಲೆಯಲ್ಲಿದೆ. ಅದು ಕೈಮಗ್ಗದ ಊರು. ಅಲ್ಲಿ ನೇಕಾರರ ಸಹಕಾರ ಸಂಘವನ್ನು ಕಟ್ಟಿ ಬೆಳೆಸಿದ ಮಾಚಾನಿ ಸೋಮಪ್ಪನವರಿಗೆ 1954ರಲ್ಲಿ ಪದ್ಮಶ್ರೀ ಬಂತು. ಆ ಎಮ್ಮಿಗನೂರಿನದು ನೇಯ್ಗೆಯ ಹೆಸರು. ನಮ್ಮ ಎಮ್ಮಿಗನೂರಿನ ಸೀಮೆ ಹೊಳೆದಂಡೆಯದು, ಇಲ್ಲಿ ಬಿದಿರಿನ ಕೆಲಸ ಹಳೆಯದು.

ಹರಿಗೋಲನ್ನೇ ನೋಡಿ. ಬಿದಿರನ್ನು ಉದ್ದಕ್ಕೆ ಸೀಳಿ, ಸೀಳುಗಳನ್ನು ನೆಲದ ಮೇಲೆ ಒಂದರ ಮೇಲೊಂದು, ಒಂದರ ಕೆಳಗೊಂದು ಹಾಯಿಸಿ ತಳವನ್ನು ಹೆಣೆಯುತ್ತಾರೆ. ತಳ ಗಟ್ಟಿಯಾದ ಮೇಲೆ ಉಳಿದ ಸೀಳುಗಳನ್ನು ಮೇಲಕ್ಕೆ ಬಾಗಿಸಿ ಗೋಡೆ ಏರಿಸಿ, ಬಾಯಂಚಿಗೆ ದಪ್ಪನೆಯ ಸುತ್ತು ಕೊಡುತ್ತಾರೆ. ಹಿಂದೆ ಹೊರಮೈಗೆ ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗುಂದಿಗೆ ಹೊಳೆ ದಾಟಿಸುವ ಈ ದೋಣಿಗಳನ್ನು ಕಂಡು, ಇವು ಬುಟ್ಟಿಯ ಹಾಗೆ ದುಂಡಗಿವೆ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ ಎಂದು ಬರೆದಿಟ್ಟ. ತೆಲುಗಿನಲ್ಲಿ ಹರಿಗೋಲಿಗೆ 'ಪುಟ್ಟಿ' ಎಂದೇ ಹೆಸರು. ಬಳ್ಳಾರಿ ಸೀಮೆಯ ಕನ್ನಡದಲ್ಲಿ ಪುಟ್ಟಿ ಎಂದರೆ ಮಣ್ಣು ಹೊರುವ ಬುಟ್ಟಿ. ಪಾಯೆಸನ ಕಣ್ಣಿಗೆ ಬಿದ್ದ ಹೋಲಿಕೆ ಇಲ್ಲಿನ ಮಾತಿನಲ್ಲಿ ಆಗಲೇ ಇತ್ತು.

ಈ ಇಡೀ ದೋಣಿಯ ಮೈಯಲ್ಲಿ ಸೀಳಿಗೆ ಸೀಳನ್ನು ಗಂಟು ಹಾಕಿರುವುದಿಲ್ಲ. ಬಿದಿರು ಬಿದಿರನ್ನು ಅದುಮಿ ಹಿಡಿದಿರುತ್ತದೆ, ಅಷ್ಟೆ. ಹೆಣೆಯುವುದು ಎಂಬುದರ ಹುರುಳು ಇದೇ.

ಈಗ ಪದದ ಹಳೆಯ ರೂಪಕ್ಕೆ ಬರೋಣ. ಹಳಗನ್ನಡದಲ್ಲಿ ಇದು 'ಪೆಣೆ'. ಪಾಲು ಹಾಲಾದ ಹಾಗೆ, ಪುಲಿ ಹುಲಿಯಾದ ಹಾಗೆ, ಪೆಸರು ಹೆಸರಾದ ಹಾಗೆ ಪೆಣೆ ಹೆಣೆಯಾಯಿತು. ಹತ್ತನೆಯ ಶತಮಾನದ ಆಸುಪಾಸಿನಲ್ಲಿ ಕಾಣಿಸಿಕೊಳ್ಳುವ ಈ ಪಕಾರ ಹಕಾರದ ಬದಲಾವಣೆ ಮುಂದಿನ ಮೂರ್ನಾಲ್ಕು ನೂರು ವರ್ಷಗಳಲ್ಲಿ ಕನ್ನಡದ ಮೈಯನ್ನೆಲ್ಲ ವ್ಯಾಪಿಸಿತು. ತಮಿಳಿನಲ್ಲಿ ಇದರ ಜೊತೆಗಾರ 'ಪಿಣೈ'. ಅಲ್ಲಿ 'ಇಲೈ' ಇದ್ದಲ್ಲಿ ನಮ್ಮಲ್ಲಿ ಎಲೆ, 'ವಿಲೈ' ಇದ್ದಲ್ಲಿ ಬೆಲೆ, 'ನಿಲೈ' ಇದ್ದಲ್ಲಿ ನೆಲೆ. ಅದೇ ಸಾಲಿನಲ್ಲಿ ಪಿಣೈ ಮತ್ತು ಪೆಣೆ ಕೂರುತ್ತವೆ. ಇಷ್ಟು ಅಚ್ಚುಕಟ್ಟಾದ ಸಾಲು ಸಿಕ್ಕಿದಾಗ ಎರಡೂ ಒಂದೇ ಬೇರಿನವು ಎಂಬುದರಲ್ಲಿ ಸಂದೇಹ ಉಳಿಯುವುದಿಲ್ಲ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಲ್ಲೂ, ಬರೋ ಮತ್ತು ಎಮೆನೋ ಅವರು 1961ರಲ್ಲಿ ತಂದು 1984ರಲ್ಲಿ ಪರಿಷ್ಕರಿಸಿದ ದ್ರಾವಿಡ ಪದಮೂಲ ನಿಘಂಟಿನಲ್ಲೂ ಈ ಬಳಗವನ್ನು ನೋಡಬಹುದು.

ಬಳಗದಲ್ಲಿ ಯಾರು ಯಾರಿದ್ದಾರೆ ನೋಡಿ. ತಮಿಳಿನಲ್ಲಿ ಪಿಣೈ ಎಂದರೆ ಜೋಡಿಸು, ಹೆಣೆ. ಅದೇ ಪದಕ್ಕೆ ಜಾಮೀನು ಎಂಬ ಅರ್ಥವೂ ಉಂಟು, ಒಬ್ಬನನ್ನು ಇನ್ನೊಬ್ಬನಿಗೆ ಬಿಗಿಯುವುದೇ ತಾನೆ ಜಾಮೀನು. ತಮಿಳಿನ 'ಪಿಣಕ್ಕು' ಜಗಳ. ಮಲಯಾಳದ 'ಪಿಣಕ್ಕಂ' ಹತ್ತಿರದವರ ನಡುವಿನ ಮುನಿಸು. ತೆಲುಗಿನಲ್ಲಿ 'ಪೆನವೇಯು' ಎಂದರೆ ಒಂದಕ್ಕೊಂದು ಸುತ್ತಿ ಹೆಣೆ, 'ಪೆನುಗುಲಾಡು' ಎಂದರೆ ಗುದ್ದಾಡು, ಒದ್ದಾಡು. ಕನ್ನಡದಲ್ಲಿ ಪೆಣೆಯ ಒಡಹುಟ್ಟು 'ಪೆಣಗು'. ಇವತ್ತಿನ ನಮ್ಮ 'ಹೆಣಗು' ಅದೇ.

ಹೆಣಗು ಎಂದ ಕೂಡಲೆ ಹಲವರಿಗೆ ಹೆಣದ ನೆನಪಾಗುತ್ತದೆ. ಹೆಣ ಹೊತ್ತಂಥ ಕಷ್ಟವೇ ಹೆಣಗಾಟ ಎಂದು ವಿವರಿಸುವುದೂ ಉಂಟು. ಕಿವಿಗೆ ಚೆನ್ನಾಗಿದೆ, ಆದರೆ ಸರಿಯಲ್ಲ. ಹೆಣ ಹಳಗನ್ನಡದ 'ಪೆಣ', ತಮಿಳಿನ 'ಪಿಣಂ', ತೆಲುಗಿನ 'ಪೀನುಗು'. ಅದರ ಬೇರೇ ಬೇರೆ. ತೆಲುಗು ಈ ಎರಡನ್ನೂ ಸ್ವರದಲ್ಲೇ ಬೇರ್ಪಡಿಸಿ ಇಟ್ಟುಕೊಂಡಿದೆ: ಪೀನುಗು ಶವ, ಪೆನುಗುಲಾಟ ಹೋರಾಟ. ಎಮ್ಮಿಗನೂರಿನಲ್ಲಿ ಎರಡೂ ಭಾಷೆ ಆಡುವವರಿಗೆ ಈ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕನ್ನಡದಲ್ಲಿ ಎರಡೂ 'ಹೆಣ' ಎಂದೇ ಮೊದಲಾಗುವುದರಿಂದ ನಮಗೆ ಗೊಂದಲ.

ಹೆಣೆಯುವುದರಿಂದ ಹೆಣಗುವುದಕ್ಕೆ ಅರ್ಥ ಹೇಗೆ ಹರಿಯಿತು ಎಂದು ಕಾಣಬೇಕಾದರೆ ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳ ಮುಂದೆ ನಿಲ್ಲಬೇಕು. ಅಲ್ಲಿ ಆನೆ ಕುದುರೆ, ಬೇಟೆ, ಕುಣಿತಗಳ ಸಾಲಿನಲ್ಲಿ ಸೆಣಸುವ ಜಟ್ಟಿಗಳೂ ಇದ್ದಾರೆ. ಕುಸ್ತಿ ಎಂದರೆ ತೋಳಿಗೆ ತೋಳು, ಕಾಲಿಗೆ ಕಾಲು ತೊಡರಿಸಿ ಒಬ್ಬ ಇನ್ನೊಬ್ಬನನ್ನು ಬಿಗಿಹಿಡಿಯುವುದು. ಇಬ್ಬರ ಮೈ ಪೆಣೆದುಕೊಂಡಿದೆ, ಆದ್ದರಿಂದ ಇಬ್ಬರೂ ಪೆಣಗುತ್ತಿದ್ದಾರೆ. ಮೊದಲು ಮೈ ತೊಡರುವುದು, ಆಮೇಲೆ ಕಾದಾಡುವುದು, ಎದುರಾಳಿ ಇಲ್ಲದಿದ್ದರೂ ಕಷ್ಟದೊಡನೆ ಸೆಣಸುವುದು, ಹೀಗೆ ಅರ್ಥ ಮೈಯಿಂದ ಮನಸ್ಸಿಗೆ ಸರಿಯಿತು. ಹಂಪಿಯ ಸುತ್ತ ಅರಳಿಕಟ್ಟೆಗಳಲ್ಲಿ ನಾಗರಕಲ್ಲುಗಳಿಗೆ ಕೊರತೆಯಿಲ್ಲ. ಎರಡು ಹಾವು ಸುತ್ತಿಕೊಂಡು ಹೆಡೆಯೆತ್ತಿ ನಿಂತ ಕಲ್ಲನ್ನು ನೋಡಿ 'ಹಾವು ಹೆಣೆದುಕೊಂಡಿವೆ' ಎನ್ನುತ್ತೇವೆ. ಅದು ಕಾದಾಟವೋ ಕೂಟವೋ ಎಂದು ಪದ ಹೇಳುವುದಿಲ್ಲ. ಹಳೆಯ ಮಾತಿಗೆ ಆ ಎರಡೂ ಸಮ್ಮತ.

ಆದ್ದರಿಂದ ಹೊಸದಾಗಿ ಹೆಣಿಗೆ ಕಲಿಯುವವರು ಹೆಣಗುವುದು ಆಕಸ್ಮಿಕವಲ್ಲ. ನೂಲೂ ಕೈಯೂ ತೊಡರಿಕೊಳ್ಳುವ ಆ ಹೊತ್ತಿನಲ್ಲಿ ಎರಡೂ ಪದಗಳು ತಮ್ಮ ಮೂಲ ಅರ್ಥದಲ್ಲೇ ಇರುತ್ತವೆ.

ಇನ್ನು ಇಂಗ್ಲಿಷಿನ ಕಡೆ. 'ನಿಟ್' ಎಂಬ ಪದ 'ನಾಟ್' ಎಂಬುದರ ನಂಟ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಗಂಟು ಹಾಕು ಎಂದೇ ಅರ್ಥ. ಆದರೆ ನಿಟಿಂಗಿನ ಮೈಯಲ್ಲಿ ಗಂಟೇ ಇಲ್ಲ. ಒಂದು ಕುಣಿಕೆ, ಅದರೊಳಗಿಂದ ಇನ್ನೊಂದು ಕುಣಿಕೆ, ಅದರೊಳಗಿಂದ ಮತ್ತೊಂದು. ತುದಿ ಹಿಡಿದು ಎಳೆದರೆ ಸ್ವೆಟರಿಗೆ ಸ್ವೆಟರೇ ಬಿಚ್ಚಿ ಮತ್ತೆ ನೂಲಿನ ಉಂಡೆಯಾಗುವುದು ಇದರಿಂದಲೇ. ಗಂಟಿದ್ದರೆ ಹಾಗೆ ಬಿಚ್ಚಿಕೊಳ್ಳುತ್ತಿರಲಿಲ್ಲ. ಈ ಒಂದು ವಿಷಯದಲ್ಲಿ ನಮ್ಮ ಹೆಣಿಗೆಯೇ ಹೆಚ್ಚು ನಿಖರವಾದ ಮಾತು. ಬಿದಿರಿಗೆ ಹೇಳುತ್ತಿದ್ದುದನ್ನು ಉಣ್ಣೆಗೆ ಹೇಳಿದೆವು, ಎರಡರಲ್ಲೂ ಹಿಡಿತವೊಂದೇ, ಗಂಟಿಲ್ಲದ ಹಿಡಿತ.

ಹೊಸಪೇಟೆಯ ಬಿಸಿಲಿನಲ್ಲಿ ಸ್ವೆಟರ್ ಯಾರಿಗೆ ಬೇಕು ಎಂದು ಕೇಳಬಹುದು. ಆ ಬಿಸಿಲಿನಲ್ಲೂ ಮೈಮೇಲಿರುವ ಬನಿಯನ್ ಹೆಣಿಗೆಯ ಬಟ್ಟೆ, ಯಂತ್ರ ಹೆಣೆದದ್ದು. ವಿಲಿಯಂ ಲೀ ಎಂಬಾತ 1589ರಲ್ಲಿ ಇಂಗ್ಲೆಂಡಿನಲ್ಲಿ ಕಾಲುಚೀಲ ಹೆಣೆಯುವ ಯಂತ್ರ ಕಟ್ಟಿದ. ತಿರುಪ್ಪೂರಿನ ಕಾರ್ಖಾನೆಗಳಲ್ಲಿ ಇವತ್ತು ಓಡುವ ಯಂತ್ರಗಳ ಮೂಲದಲ್ಲಿ ಅದಿದೆ. ಬಳ್ಳಾರಿಯಲ್ಲಿ ಹೊಲಿಯುವ ಜೀನ್ಸಿನ ಬಟ್ಟೆ ನೇಯ್ದದ್ದು, ಎಳೆದರೆ ಜಗ್ಗುವುದಿಲ್ಲ. ಬನಿಯನ್ ಹೆಣೆದದ್ದು, ಎಳೆದರೆ ಹಿಗ್ಗಿ ಮತ್ತೆ ಕುಗ್ಗುತ್ತದೆ. ಕುಣಿಕೆಗಳಿಗೆ ಹಿಗ್ಗಲು ಜಾಗವಿದೆ, ಹಾಸುಹೊಕ್ಕಿಗೆ ಇಲ್ಲ.

ಹಳೆಯ ಬನಿಯನ್ನೊಂದನ್ನು ಬೆಳಕಿಗೆ ಹಿಡಿದು ಹತ್ತಿರದಿಂದ ನೋಡಿ. ಹೊರಮೈಯಲ್ಲಿ ಮೇಲಿಂದ ಕೆಳಕ್ಕೆ ಸಣ್ಣ ಸಣ್ಣ ಜಡೆಗಳನ್ನು ಇಳಿಬಿಟ್ಟ ಹಾಗೆ ಸಾಲುಗಳಿವೆ, ಒಂದೊಂದು ಜಡೆಯೂ ಎರಡು ಓರೆ ಗೆರೆಗಳು ಕೂಡಿದ ಚೂಪು ಗುರುತುಗಳ ಸರಣಿ. ಈಗ ಒಳಮೈ ತಿರುಗಿಸಿ. ಜಡೆ ಕಾಣುವುದಿಲ್ಲ, ಅಡ್ಡಡ್ಡಕ್ಕೆ ಪುಟ್ಟ ಪುಟ್ಟ ಕಮಾನುಗಳು ಒತ್ತೊತ್ತಾಗಿ ಕೂತಿವೆ. ಬಟ್ಟೆ ಒಂದೇ, ಕುಣಿಕೆಯೂ ಒಂದೇ. ಕುಣಿಕೆಯನ್ನು ಹಿಂದಿನಿಂದ ಮುಂದಕ್ಕೆ ಎಳೆದು ತಂದಾಗ ನಮ್ಮ ಕಡೆಗೆ ಕಾಣುವುದು ಜಡೆ, ಇದು ನಿಟ್. ಮುಂದಿನಿಂದ ಹಿಂದಕ್ಕೆ ದೂಡಿದಾಗ ನಮ್ಮ ಕಡೆಗೆ ಉಳಿಯುವುದು ಕಮಾನು, ಇದು ಪರ್ಲ್. ಎರಡೂ ಬೇರೆ ಬೇರೆ ಕುಣಿಕೆಗಳೆಂದು ಭಾವಿಸಿ ಕಲಿಯುವವರು ಬಹಳ ದಿನ ಕಷ್ಟಪಡುತ್ತಾರೆ. ಒಂದೇ ಕುಣಿಕೆಯ ಎರಡು ಮುಖ ಎಂದು ತಿಳಿದ ಮೇಲೆ ಅರ್ಧ ತೊಡಕು ತಾನಾಗಿ ಬಿಡುತ್ತದೆ. ಹಿಂದಿಯಲ್ಲಿ ಇದಕ್ಕೆ ಸೀದಾ ಉಲ್ಟಾ ಎನ್ನುತ್ತಾರೆ. ಪರ್ಲ್ ಎಂಬುದಕ್ಕಿಂತ ಉಲ್ಟಾ ಎಂಬುದೇ ವಿಷಯಕ್ಕೆ ಹತ್ತಿರ.

ಹೆಸರಿನ ಗೊಂದಲ ಇಂಗ್ಲಿಷ್ ಬಲ್ಲವರಿಗೂ ತಪ್ಪಿದ್ದಲ್ಲ. ಹೆಣಿಗೆಯ ಪಾಠಗಳನ್ನು ಮೊದಮೊದಲು ಅಚ್ಚಿಗೆ ತಂದವರಲ್ಲಿ ಎಡಿನ್‌ಬರೋದ ಜೇನ್ ಗಾಗೇನ್ ಒಬ್ಬರು, ಅವರ ಪುಸ್ತಕ 1840ರದು. ಸಂಕ್ಷೇಪಾಕ್ಷರಗಳನ್ನು ಬಳಸಿದವರಲ್ಲೂ ಅವರು ಮೊದಲಿಗರ ಸಾಲಿನವರು. ಅವರ ಪುಸ್ತಕದಲ್ಲಿ 'ಪಿ' ಎಂದರೆ ಪ್ಲೇನ್, ಅಂದರೆ ಇವತ್ತಿನ ನಿಟ್. ಇವತ್ತಿನ ಪುಸ್ತಕಗಳಲ್ಲಿ 'ಪಿ' ಎಂದರೆ ಪರ್ಲ್. ಅದೇ ಅಕ್ಷರ, ನೇರ ವಿರುದ್ಧ ಅರ್ಥ. ಪರ್ಲ್ ಅನ್ನೇ ಆ ಶತಮಾನದಲ್ಲಿ ಮುತ್ತು ಎಂಬ ಅರ್ಥದ ಪದದ ಕಾಗುಣಿತದಲ್ಲಿ ಬರೆದವರಿದ್ದರು, 'ಸೀಮ್' ಎಂದವರೂ ಇದ್ದರು. ಕೊಕ್ಕೆ ಕಡ್ಡಿಯಲ್ಲಿ ಮಾಡುವ ಕ್ರೋಶಾದಲ್ಲಂತೂ ಇವತ್ತಿಗೂ ಇತ್ಯರ್ಥವಾಗಿಲ್ಲ. ಅಮೆರಿಕದವರ ಸಿಂಗಲ್ ಬ್ರಿಟನ್ನಿನವರಿಗೆ ಡಬಲ್, ಅಮೆರಿಕದ ಡಬಲ್ ಬ್ರಿಟನ್ನಿನ ಟ್ರೆಬಲ್. ಬ್ರಿಟನ್ನಿನ ಹಳೆಯ ಎಣಿಕೆಯಲ್ಲಿ ಸ್ಲಿಪ್ ಸ್ಟಿಚ್ಚೇ ಸಿಂಗಲ್ ಆಗಿತ್ತು, ಹಾಗಾಗಿ ಮುಂದಿನದೆಲ್ಲ ಒಂದೊಂದು ಮೆಟ್ಟಿಲು ಮೇಲೆ ಹೋಯಿತು. ಪುಸ್ತಕ ಯಾವ ದೇಶದ್ದು ಎಂದು ನೋಡದೆ ಶುರು ಮಾಡಿದರೆ ಟೋಪಿಯ ಅಳತೆ ತಪ್ಪುವುದು ಖಂಡಿತ.

ಹೊಳೆಯಾಚೆ ಆನೆಗುಂದಿಯಲ್ಲಿ ಇದೇ ಕ್ರೋಶಾ ಬೇರೆ ಉಡುಪು ತೊಟ್ಟಿದೆ. 1997ರಲ್ಲಿ ಶಮಾ ಪವಾರ್ ಅವರು ಶುರು ಮಾಡಿದ ಕಿಷ್ಕಿಂದಾ ಟ್ರಸ್ಟ್ ಅಲ್ಲಿನ ಹೆಣ್ಣುಮಕ್ಕಳ ಜೊತೆ ಬಾಳೆನಾರಿನ ಕೆಲಸವನ್ನು ಬೆಳೆಸಿತು. ಹೊಸಪೇಟೆ, ಕಂಪ್ಲಿ, ಆನೆಗುಂದಿ ಬಾಳೆಯ ನಾಡು, ಸುಗಂಧಿ ಬಾಳೆಗೆ ಹೆಸರಾದದ್ದು. ಗೊನೆ ಕಡಿದ ಮೇಲೆ ಬಾಳೆಗಿಡ ಬಿದ್ದು ಕೊಳೆಯಬೇಕು. ಅದರ ಪಟ್ಟೆಯನ್ನು ಒಣಗಿಸಿ, ಸೀಳಿ, ಹೊಸೆದು ಹುರಿ ಮಾಡಿ, ಆ ಹುರಿಯಿಂದ ಚೀಲ, ಬುಟ್ಟಿ, ಚಾಪೆಗಳನ್ನು ಮಾಡುತ್ತಾರೆ. ಇಲ್ಲಿ ಕನ್ನಡದ ಎರಡು ಕ್ರಿಯಾಪದಗಳು ಒಂದರ ಹಿಂದೊಂದು ಬರುತ್ತವೆ: ಮೊದಲು ಹೊಸೆ, ಆಮೇಲೆ ಹೆಣೆ. ಕ್ರೋಶಾ ಎಂಬ ಫ್ರೆಂಚ್ ಪದಕ್ಕೆ ಸಣ್ಣ ಕೊಕ್ಕೆ ಎಂದಷ್ಟೇ ಅರ್ಥ. ಕೊಕ್ಕೆ ಕಡ್ಡಿ ಎಂದರೆ ಯಾವ ಅಜ್ಜಿಗೂ ತಿಳಿಯುತ್ತದೆ.

ಸಂಡೂರಿನದು ಇನ್ನೊಂದು ದಾರಿ. ಸಂಡೂರು ಕುಶಲ ಕಲಾ ಕೇಂದ್ರದ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಈ ಕೇಂದ್ರದ ಕಲಾವಿದೆಯರ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೂ ಸೇರಿತು. ಈ ಕೆಲಸ ಹೆಣಿಗೆಯಲ್ಲ, ಬಟ್ಟೆಯ ಮೇಲೆ ಸೂಜಿಯದು. ಆದರೂ ಇಲ್ಲಿ ನೆನೆಯುವುದಕ್ಕೆ ಕಾರಣ ಅವರ ಹೊಲಿಗೆಗಳ ಹೆಸರುಗಳು: ಕಿಲನ್, ವೇಲೆ, ಬಕ್ಯಾ, ಮಾಕಿ, ಸೂರ್ಯಕಾಂತಿ ಮಾಕಿ, ಕಾನ್ಸ್, ರೇಲೋ, ನಕ್ರಾ. ತಾಯಿಯ ಕೈ ನೋಡಿ ಕಲಿತ ಹುಡುಗಿಗೆ ಹೆಸರೂ ಕೆಲಸವೂ ಒಟ್ಟಿಗೆ ಬರುತ್ತವೆ, ಗೊಂದಲಕ್ಕೆ ಎಡೆಯೇ ಇಲ್ಲ. ಧಾರವಾಡದ ಕಸೂತಿಯೂ ಹೀಗೆಯೇ. ಅಲ್ಲಿನ ನಾಲ್ಕು ಬಗೆಗಳಲ್ಲಿ ನೇಗಿ ಎಂಬುದು ನೇಯ್ಗೆಯಂತೆ ಕಾಣುವುದು, ಮೆಂತೆ ಎಂಬುದು ಮೆಂತ್ಯದ ಕಾಳಿನಂತೆ ಕಾಣುವುದು, ಗವಂತಿ ಗಂಟಿನಿಂದ ಬಂದ ಹೆಸರು, ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಮುರಿಯುತ್ತ ಹೋಗುವುದು. ಗವಂತಿಯಲ್ಲಿ ನಿಜವಾಗಿ ಗಂಟು ಹಾಕುವುದಿಲ್ಲ ಎಂಬುದು ಕುತೂಹಲದ ಸಂಗತಿ. ನಿಟ್ ಮಾಡಿದ ತಪ್ಪನ್ನೇ ಅದೂ ಮಾಡಿದೆ.

ಹೆಣಿಗೆಯ ಪಾಠವನ್ನು ಕನ್ನಡದಲ್ಲಿ ಬರೆಯುವವರಲ್ಲಿ ನನ್ನದೊಂದು ತಕರಾರಿದೆ. 'ಸ್ಟಿಚ್' ಎಂಬುದನ್ನು 'ಹೊಲಿಗೆ' ಎಂದು ಅನುವಾದಿಸಬಾರದು. ಇಂಗ್ಲಿಷಿನ ಸ್ಟಿಚ್ ಕೂಡ ಮೂಲದಲ್ಲಿ ಚುಚ್ಚುವುದೇ, ಹೊಲಿಗೆಯಿಂದ ಹೆಣಿಗೆಗೆ ಎರವಲು ಹೋದದ್ದು. ಅವರ ಎರವಲನ್ನು ನಾವು ಹೊರಬೇಕಾಗಿಲ್ಲ. ಇಲ್ಲಿ ಏನನ್ನೂ ಚುಚ್ಚುವುದಿಲ್ಲ. 'ಇಪ್ಪತ್ತು ಹೊಲಿಗೆ ಹಾಕಿ' ಎಂದು ಓದಿದ ಹುಡುಗಿ ಯಾವ ಬಟ್ಟೆಗೆ ಎಂದು ಕೇಳಿದರೆ ತಪ್ಪು ಅವಳದಲ್ಲ. 'ಕುಣಿಕೆ' ಎನ್ನಿ. ದನದ ಕೊರಳಿಗೆ, ಬಾವಿಯ ಕೊಡಕ್ಕೆ ಕುಣಿಕೆ ಹಾಕಿದ ಊರುಗಳಲ್ಲಿ ಅದು ಎಲ್ಲರ ಮಾತು. ಹಿಂದಿಯ ಹೆಣಿಗೆಯಲ್ಲಿ ಬಳಸುವ 'ಫಂದಾ' ಕೂಡ ಕುಣಿಕೆಯೇ. ಕಡ್ಡಿಗೆ ಕುಣಿಕೆ ಏರಿಸು, ಸಾಲು ಹೆಣೆ, ಎರಡು ಕುಣಿಕೆ ಕೂಡಿಸು, ಕುಣಿಕೆ ಜಾರಿತು, ಕೊನೆಗೆ ಕುಣಿಕೆ ಮುಚ್ಚು. ಇಷ್ಟರಲ್ಲಿ ಒಂದು ಟೋಪಿಯ ಪಾಠ ಮುಗಿಯುತ್ತದೆ. ಒಂದು ಎಚ್ಚರ ಬೇಕು: ಹೆಣಿಗೆ ಮತ್ತು ಹಣಿಗೆ ಬೇರೆ ಬೇರೆ. ಹಣಿಗೆ ತಲೆ ಬಾಚುವುದು. ಮಗ್ಗದಲ್ಲಿ ಎಳೆಗಳನ್ನು ಬಾಚಣಿಗೆಯಂತೆ ಬೇರ್ಪಡಿಸುವ ಪಟ್ಟಿಗೂ ನೇಕಾರರು ಹಣಿಗೆ ಎನ್ನುತ್ತಾರೆ. ಅವಸರದ ಬರವಣಿಗೆಯಲ್ಲಿ ಈ ಎರಡು ಅದಲುಬದಲಾದರೆ ನೇಕಾರರಿಗೂ ಗೊಂದಲ, ಹೆಣೆಯುವವರಿಗೂ ಗೊಂದಲ.

ಪೇಟೆಯ ಕನ್ನಡದಲ್ಲಿ ಹೆಣೆ ಈಗ ಹೆಚ್ಚು ಕೇಳಿಸುವುದು ಪತ್ರಿಕೆಗಳಲ್ಲಿ, ತಂತ್ರ ಹೆಣೆದರು, ಬಲೆ ಹೆಣೆದರು, ಕಥೆ ಹೆಣೆದರು ಎಂದು. ಪದ ಬದುಕಿರುವುದಕ್ಕೆ ಅದೂ ಒಂದು ಗುರುತೇ. ಆದರೆ ಕೈಕೆಲಸದ ಕಡೆಯಿಂದ ಅದಕ್ಕೆ ಅನ್ನ ಸಿಗದಿದ್ದರೆ ರಾಜಕೀಯದ ವರದಿಯೊಂದರಲ್ಲೇ ಎಷ್ಟು ದಿನ ಉಸಿರಾಡೀತು? 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ವೃತ್ತಿಪದಕೋಶಗಳ ಕೆಲಸ ಮಾಡಿದೆ. ಹೆಣಿಗೆಗೂ ಅಂಥದೊಂದು ಬರಬೇಕು. ಅದಕ್ಕೆ ಕಂಪ್ಲಿಯ ಹರಿಗೋಲು ಹೆಣೆಯುವವರು, ಮೇದಾರರು, ಆನೆಗುಂದಿಯ ಬಾಳೆನಾರಿನ ಹೆಂಗಸರು, ಸಂಡೂರಿನ ತಾಂಡಾದವರು, ಎಮ್ಮಿಗನೂರಿನಂಥ ಊರುಗಳಲ್ಲಿ ಉಲ್ಲನ್ನಿನಲ್ಲಿ ಬಾಗಿಲ ತೋರಣ ಹಾಕುವ ಅಕ್ಕಂದಿರು ಒಟ್ಟಿಗೆ ಕೂರಬೇಕು, ಪ್ರತಿ ಕನ್ನಡ ಮಾತಿನ ಪಕ್ಕದಲ್ಲಿ ತೆಲುಗಿನದೂ ಲಂಬಾಣಿಯದೂ ಇರಬೇಕು, ಮಾತಿನ ಎದುರಿಗೆ ಆ ಕೈಚಲನೆಯ ಚಿತ್ರವಿರಬೇಕು.